ಎಷ್ಟು ಕೊಟ್ಟರೂ ಕುಡಿಯುವ ಗುಂಡಿ

ಲಾಂಡ್ರಿಗೆ ಜಾಗ ಹುಡುಕಿಕೊಂಡು ಅಲೆಯುತ್ತಿದ್ದ ದಿನಗಳಲ್ಲಿ, ನಾನು ಬಾಯಿಬಿಟ್ಟು ಕೇಳುವ ಮೊದಲೇ ಸಹಾಯಕ್ಕೆ ಬಂದವರು ಒಬ್ಬರೇ. ಅದೇ ಕಾರಣಕ್ಕೆ ಅವರ ಮೇಲೆ ನನಗೆ ಮೊದಲ ದಿನದಿಂದಲೂ ಸಂಶಯ.

ಹಂಪನಕಟ್ಟೆಯ ಒಂದು ಲಾಡ್ಜಿನ ಮ್ಯಾನೇಜರರನ್ನು ಕಾಣಲು ಹೋಗಿದ್ದೆ. ಗಲ್ಫಿನ ಹೋಟೆಲೊಂದರ ಲಾಂಡ್ರಿಯಲ್ಲಿ ಸೂಪರ್‌ವೈಸರ್ ಆಗಿದ್ದ ನಾನು ವೀಸಾ ಮುಗಿಸಿ ಬಂದಿದ್ದೆ. ಲಾಡ್ಜುಗಳ ಬೆಡ್‌ಶೀಟು, ಟವೆಲುಗಳನ್ನು ಒಗೆದು ಇಸ್ತ್ರಿ ಮಾಡಿ ಕೊಡುವ ಒಂದು ಸಣ್ಣ ಘಟಕ ಹಾಕಬೇಕೆಂಬುದು ನನ್ನ ಯೋಚನೆ. ಮ್ಯಾನೇಜರರು ನನ್ನ ಮಾತನ್ನು ಅರ್ಧಕ್ಕೆ ನಿಲ್ಲಿಸಿ, ಒಳಗಿನಿಂದ ಒಂದು ಶೀಟು ತರಿಸಿ ಮೇಜಿನ ಮೇಲೆ ಬಿಡಿಸಿದರು.

"ಬಿಳಿ ಅಂತ ಕೊಟ್ಟದ್ದು. ಬಂದದ್ದು ನೋಡಿ. ನೀವು ಮಾಡಿದ್ರೆ ಬೇರೆ ಎಂತ ಆಗ್ತದೆ?"

ಶೀಟು ಹಳೆಯ ಹಾಲಿನ ಬಣ್ಣಕ್ಕೆ ತಿರುಗಿತ್ತು. ನಾನು ಅಂಚನ್ನು ಬೆಳಕಿಗೆ ಹಿಡಿದು ನೋಡಿದೆ. ಕೊಳೆಯಾಗಿದ್ದರೆ ಮಡಿಕೆಯಲ್ಲಿ ಹೆಚ್ಚು, ನಡುವೆ ಕಡಿಮೆ ಇರುತ್ತದೆ. ಇದು ಎಲ್ಲೆಡೆ ಒಂದೇ ಸಮ. "ಇದು ನೀರಿನ ದೋಷ ಸರ್. ನೀರಿನಲ್ಲಿ ಕಬ್ಬಿಣದ ಅಂಶ ಉಂಟು. ಅದಕ್ಕೆ ಬ್ಲೀಚ್ ಹಾಕಿದ ಕೂಡಲೇ ತುಕ್ಕಾಗಿ ಬಟ್ಟೆಗೆ ಹಿಡೀತದೆ. ಹೆಚ್ಚು ಬ್ಲೀಚ್ ಹಾಕಿದಷ್ಟೂ ಹೆಚ್ಚು ಹಳದಿ," ಎಂದೆ.

ಬದಿಯ ಕುರ್ಚಿಯಲ್ಲಿ ಅರವತ್ತರ ಆಸುಪಾಸಿನ ಒಬ್ಬರು ಅಷ್ಟು ಹೊತ್ತೂ ಸುಮ್ಮನೆ ಕೂತಿದ್ದರು. ಈಗ ನಕ್ಕರು. "ಆ ಶೀಟು ಒಗೆದವ ನಾನೇ ತಂಗಿ. ಇಷ್ಟು ವರ್ಷ ಆಯ್ತು, ಕಾರಣ ಯಾರೂ ಹೇಳಿರಲಿಲ್ಲ."

ಪೇಟೆಯ ಹಳೆಯ ಲಾಂಡ್ರಿಯೊಂದರ ಧಣಿ ಅವರು. ನಾನು ಹೇಳಿದ್ದು ಅವರ ಹೊಟ್ಟೆಯ ಮೇಲೆ ಹೊಡೆಯುವ ಮಾತು. ಸಿಟ್ಟು ಬರಬೇಕಿತ್ತು. ಬದಲಿಗೆ ಅವರು ನನ್ನನ್ನು ಕೆಳಗಿನ ಹೋಟೆಲಿಗೆ ಕರೆದುಕೊಂಡು ಹೋಗಿ ಚಾ ಕುಡಿಸಿ, ಕಾವೂರು ದಾಟಿ ಬಜಪೆ ಕಡೆಗೆ ಹೋಗುವ ದಾರಿಯಲ್ಲಿ ತನ್ನದೊಂದು ಶೆಡ್ ಖಾಲಿ ಇದೆ ಎಂದರು. ಬಾವಿ ಉಂಟು, ತ್ರೀ ಫೇಸ್ ಕರೆಂಟ್ ಉಂಟು, ಒಂದು ದೊಡ್ಡ ಒಗೆಯುವ ಯಂತ್ರವೂ ಉಂಟು. ಆರಂಭದಲ್ಲಿ ಬಾಡಿಗೆ ಬೇಡ. ತನ್ನಲ್ಲಿ ಹೆಚ್ಚಾದ ಬಟ್ಟೆಯನ್ನೂ ಕಳಿಸಿಕೊಡುತ್ತೇನೆ ಎಂದರು.

"ನಿಮಗೆ ಯಾಕೆ ಬೇಡ ಅಣ್ಣ, ಆ ಶೆಡ್?"

"ಪ್ರಾಯ ಆಯ್ತಲ್ಲ. ಎರಡು ಕಡೆ ಓಡ್ಲಿಕ್ಕೆ ಆಗುವುದಿಲ್ಲ."

ಮನೆಗೆ ಬಂದು ಗಂಡನಿಗೆ ಹೇಳಿದೆ. ಅವರು ಶಾಲೆಯ ಮಕ್ಕಳನ್ನು ಕರೆದೊಯ್ಯುವ ವ್ಯಾನ್ ಓಡಿಸುತ್ತಾರೆ. ಬೆಳಗಿನ ಟ್ರಿಪ್ಪಿಗೂ ಸಂಜೆಯ ಟ್ರಿಪ್ಪಿಗೂ ನಡುವೆ ವ್ಯಾನ್ ಖಾಲಿ ಇರುವುದರಿಂದ ಬಟ್ಟೆ ಸಾಗಿಸುವುದು ಅವರ ಪಾಲಿನ ಕೆಲಸ ಎಂದು ಮೊದಲೇ ಮಾತಾಗಿತ್ತು. ವಿಷಯ ಕೇಳಿ ಅವರ ಮುಖ ಅರಳಿತು.

"ದೇವರೇ ಕಳಿಸಿದ ಹಾಗೆ ಆಯ್ತು."

"ಅಷ್ಟು ಒಳ್ಳೆಯ ಶೆಡ್ಡನ್ನು ಯಾರಾದ್ರೂ ಖಾಲಿ ಬಿಡ್ತಾರಾ? ಅದೂ ತನ್ನ ಗಿರಾಕಿಯ ಎದುರೇ ತನ್ನ ಮರ್ಯಾದೆ ತೆಗೆದವಳಿಗೆ ಕೊಡ್ತಾರಾ?"

"ನಿನಗೆ ಯಾರನ್ನು ಕಂಡ್ರೂ ಸಂಶಯ ಮಾರಾಯ್ತಿ. ಅಲ್ಲಿ ಎಲ್ಲರ ಮೇಲೆ ಕಣ್ಣಿಟ್ಟು ಇಟ್ಟು ಅದೇ ಅಭ್ಯಾಸ ಆಗಿದೆ."

ಇರಬಹುದು. ಹೋಟೆಲಿನ ಲಾಂಡ್ರಿಯಲ್ಲಿ ಟವೆಲು ಕಳೆದರೆ ಉತ್ತರ ಕೊಡಬೇಕಾದವಳು ನಾನು. ಲೆಕ್ಕ ಸರಿಯಿದ್ದಾಗಲೇ ಹೆಚ್ಚು ಎಚ್ಚರದಿಂದ ನೋಡಬೇಕು ಎಂದು ಆ ಕೆಲಸವೇ ಕಲಿಸಿತ್ತು.

ಶೆಡ್ ನೋಡಲು ಹೋದ ದಿನ ಧಣಿ ಒಂದು ಬಾಟಲಿಯಲ್ಲಿ ಬಾವಿ ನೀರು ತುಂಬಿಸಿ ಇಟ್ಟುಕೊಂಡೇ ಕಾದಿದ್ದರು. ನಾನು ಅದನ್ನು ಬದಿಗಿಟ್ಟೆ. ಪಂಪನ್ನು ಅರ್ಧ ಗಂಟೆ ಓಡಿಸಿ, ಪೈಪಿನಲ್ಲಿ ನಿಂತ ನೀರೆಲ್ಲ ಹೋದ ಮೇಲೆ ನಾನೇ ಬಿಳಿ ಬಕೆಟಿನಲ್ಲಿ ಹಿಡಿದೆ. ಅದಕ್ಕೆ ಸ್ವಲ್ಪ ಬ್ಲೀಚ್ ಬೆರೆಸಿ, ಮುಚ್ಚಿ, ಮರುದಿನದವರೆಗೆ ಅಲುಗಿಸದೆ ಇಟ್ಟೆವು. ಕಬ್ಬಿಣ ಇದ್ದರೆ ತಳದಲ್ಲಿ ಕಂದು ಬಣ್ಣದ ಗಸಿ ಕೂರುತ್ತದೆ. ಏನೂ ಕೂರಲಿಲ್ಲ. ಪ್ರಯೋಗಾಲಯಕ್ಕೆ ಕೊಟ್ಟ ಇನ್ನೊಂದು ಬಾಟಲಿಯ ವರದಿಯೂ ಅದನ್ನೇ ಹೇಳಿತು. ನೀರು ಮೃದು, ನೊರೆ ಬೇಗ ಬರುತ್ತದೆ. ಅದ್ದಿದರೆ ಬಣ್ಣ ಬದಲಿಸುವ ಪಟ್ಟಿ ಕಾಗದದಲ್ಲಿ ನೋಡಿದೆ: ತುಸು ಹುಳಿಯ ಕಡೆಗೆ. ಮುರಕಲ್ಲಿನ, ಅಂದರೆ ಕೆಂಪು ಜಂಬಿಟ್ಟಿಗೆಯ, ನೆಲದ ಬಾವಿಗಳು ಇರುವುದೇ ಹಾಗೆ.

ಯಂತ್ರದ ಡ್ರಮ್ಮನ್ನು ಕೈಯಲ್ಲಿ ತಿರುಗಿಸಿ ಬೇರಿಂಗಿನ ಸದ್ದು ಕೇಳಿದೆ. ಕರೆಂಟ್ ಬಿಲ್ ಬಾಕಿ ಇದೆಯೇ ಎಂದು ವಿಚಾರಿಸಿದೆ. ಜಾಗದ ಮೇಲೆ ತಕರಾರು ಇದೆಯೇ ಎಂದು ವಕೀಲರಲ್ಲಿ ನೋಡಿಸಿದೆ. ಎಲ್ಲೂ ಕೊಂಕಿಲ್ಲ. ರಸ್ತೆ ಬದಿಯ ಅಂಗಡಿಯವನಲ್ಲಿ, "ಈ ಶೆಡ್ ಯಾಕೆ ಮುಚ್ಚಿದ್ದು?" ಎಂದು ಕೇಳಿದಾಗ ಮಾತ್ರ ಅವನು ಚಿಲ್ಲರೆ ಎಣಿಸುತ್ತಾ, "ನಮಗೆ ಗೊತ್ತಿಲ್ಲ," ಎಂದ. ದಿನವಿಡೀ ಅದರ ಎದುರೇ ಕೂತಿರುವವನು.

ಸಾಲಕ್ಕೂ ಸಬ್ಸಿಡಿಗೂ ಅರ್ಜಿ ಹಾಕಬೇಕಿತ್ತು. ಸಣ್ಣ ಉದ್ದಿಮೆಗಳ ಕಚೇರಿಯಲ್ಲಿ ನನ್ನ ಕಡತ ನೋಡಿದ ಅಧಿಕಾರಿ ನನ್ನದೇ ಪ್ರಾಯದ ಹೆಂಗಸು. ಯಂತ್ರ, ಕರೆಂಟು, ಗಿರಾಕಿ, ಎಲ್ಲ ಕೇಳಿದ ಮೇಲೆ ಪೆನ್ನು ಕೆಳಗಿಟ್ಟರು.

"ನೀರು ಎಲ್ಲಿಂದ ಬರ್ತದೆ ಅಂತ ಬರೆದಿದ್ದೀರಿ. ಒಗೆದ ನೀರು ಎಲ್ಲಿಗೆ ಹೋಗ್ತದೆ?"

"ಇಂಗುಗುಂಡಿ ಉಂಟು ಮೇಡಂ. ಕಲ್ಲು ಕಟ್ಟಿದ ಗುಂಡಿ."

"ಗುಂಡಿ ಇರುವುದು ಸರಿ. ನೀರು ಎಲ್ಲಿಗೆ ಹೋಗ್ತದೆ?"

"ಇಂಗ್ತದೆ."

"ನೀವು ನೋಡಿದ್ದೀರಾ?"

ಅವರು ಕಡತವನ್ನು ಮುಚ್ಚಿ ಎಡಬದಿಗೆ ಇಟ್ಟರು. ಬಲಬದಿಯಲ್ಲಿ ಸಹಿಯಾದ ಕಡತಗಳು ಇದ್ದವು. "ನೋಡಿ ಬನ್ನಿ. ಆಮೇಲೆ ಮುಂದೆ ಕಳಿಸುವ."

ಹೊರಗೆ ವ್ಯಾನಿನಲ್ಲಿ ಕಾಯುತ್ತಿದ್ದ ಗಂಡ ಕೇಳಿದರು, "ಎಂತ ಬೇಕಂತೆ ಅವರಿಗೆ?"

"ಬಾಯಿಬಿಟ್ಟು ಏನೂ ಕೇಳಲಿಲ್ಲ."

"ಹಾಗಾದ್ರೆ ಜಾಸ್ತಿಯೇ ಬೇಕಾಗಿರಬೇಕು."

ನನಗೂ ಹಾಗೇ ಅನಿಸಿತ್ತು. ಕಡತ ನಿಲ್ಲಿಸಲು ಒಂದು ನೆಪ ಬೇಕು, ಚರಂಡಿ ಒಳ್ಳೆಯ ನೆಪ. ಧಣಿಗೆ ಹೇಳಿದಾಗ ಅವರು ಸ್ವಲ್ಪವೂ ಅಲುಗಲಿಲ್ಲ. "ಮಾಲಿನ್ಯ ಮಂಡಳಿಯ ಒಪ್ಪಿಗೆಗೆ ನನ್ನ ಆಡಿಟರ್ ಅರ್ಜಿ ಹಾಕ್ತಾನೆ ತಂಗಿ. ನಿಮ್ಮ ಹೆಸರಲ್ಲೇ ಇರಲಿ. ಮೊದಲು ಒಮ್ಮೆ ಒಗೆದು ನೋಡಿ." ಕೆಲಸ ನಡೆಸುವವಳು ನಾನಾದ್ದರಿಂದ ನನ್ನ ಹೆಸರು ಇರಬೇಕಾದ್ದೇ. ಆದರೂ ಅವರು ಅದನ್ನು ಹೇಳಿದ ಅವಸರ ನನ್ನ ಕಿವಿಯಲ್ಲಿ ಉಳಿಯಿತು.

ಪ್ರಯೋಗಕ್ಕೆ ಲಾಡ್ಜಿನ ಅದೇ ಹಳದಿ ಶೀಟುಗಳನ್ನು ತರಿಸಿದೆ. ಮೊದಲು ಬರೇ ನೀರಿನಲ್ಲಿ ಒಂದು ಸುತ್ತು. ಆಮೇಲೆ ತುಕ್ಕು ತೆಗೆಯುವ ಆಮ್ಲದಲ್ಲಿ ಬಿಸಿ ನೀರಿನ ಸುತ್ತು. ಅದರ ನಂತರ ಸೋಪು, ಕೊನೆಗೆ ಅಳತೆ ಮಾಡಿದ ಬ್ಲೀಚ್. ಮೂರು ಬಾರಿ ಜಾಲಾಡಿಸಿ, ಬಟ್ಟೆಯಲ್ಲಿ ಉಳಿದ ಕ್ಷಾರ ಕಳೆದು, ಕಡೆಯ ನೀರಿಗೆ ಗಲ್ಫಿನಿಂದ ತಂದಿದ್ದ ಲ್ಯಾವೆಂಡರ್ ಪರಿಮಳದ ಸಾಫ್ಟ್‌ನರ್ ಹಾಕಿದೆ. ಅದು ಹೋಟೆಲಿನಲ್ಲಿ ನಾನು ಬಳಸುತ್ತಿದ್ದದ್ದು. ಸೂಟ್‌ಕೇಸಿನಲ್ಲಿ ಬಟ್ಟೆಗಳ ನಡುವೆ ಸುತ್ತಿ ತಂದ ಎರಡು ಡಬ್ಬಿಗಳಲ್ಲಿ ಒಂದನ್ನು ಆ ದಿನ ಒಡೆದೆ.

ಶೀಟುಗಳು ಹೊರಬಂದಾಗ ಗಂಡ ಒಂದನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದರು. ಬಿಸಿಲಿನಲ್ಲಿ ಅದನ್ನು ನೋಡಲು ಕಣ್ಣು ಸಣ್ಣ ಮಾಡಬೇಕಾಯಿತು. ಧಣಿ ಅಂಚನ್ನು ಬೆರಳುಗಳ ನಡುವೆ ಉಜ್ಜಿ ನೋಡಿ, ಬೆಳಕಿಗೂ ಹಿಡಿದರು. ಕೊನೆಗೆ, "ನನ್ನ ಕೈಯಲ್ಲಿ ಹೀಗೆ ಬಂದದ್ದೇ ಇಲ್ಲ," ಎಂದರು. ಅವರ ಸ್ವರದಲ್ಲಿ ಕಪಟ ಇರಲಿಲ್ಲ. ಊರಿಗೆ ಬಂದ ಮೇಲೆ ಮೊದಲ ಬಾರಿಗೆ ನನ್ನ ಮನಸ್ಸು ಸಡಿಲವಾಯಿತು. ಈ ಮನುಷ್ಯನನ್ನು ಸುಮ್ಮನೆ ಅನುಮಾನಿಸಿದೆ ಅನಿಸಿತು.

ಕೈ ತೊಳೆಯಲು ಹಿಂಬದಿಗೆ ಹೋದವಳು ಇಂಗುಗುಂಡಿಯ ಮುಚ್ಚಳ ಸರಿಸಿದೆ. ಅಷ್ಟು ಸುತ್ತಿನ ನೀರು, ಅದೆಷ್ಟು ಡ್ರಮ್, ಎಲ್ಲ ಅದಕ್ಕೇ ಹೋಗಿತ್ತು. ಗುಂಡಿಯ ತಳ ಒದ್ದೆಯಾಗಿತ್ತು, ಅಷ್ಟೇ.

ಧಣಿ ಹಿಂದೆ ಬಂದು ನಿಂತಿದ್ದರು. "ಅದು ತುಂಬುವ ಗುಂಡಿಯೇ ಅಲ್ಲ ತಂಗಿ. ಎಷ್ಟು ಕೊಟ್ರೂ ಕುಡೀತದೆ."

ನಾನು ಶೆಡ್ಡಿನೊಳಗೆ ಹೋಗಿ, ಡ್ರಮ್ಮಿಗೆ ಬರೇ ನೀರು ತುಂಬಿಸಿ ಒಮ್ಮೆಲೇ ಬಿಟ್ಟು, ಓಡಿ ಬಂದು ಗುಂಡಿಯ ಬಳಿ ಕೂತೆ. ಇಂಗುವ ನೀರು ಎಲ್ಲ ಕಡೆಯಿಂದ ಸಮನಾಗಿ, ನಿಧಾನಕ್ಕೆ ಇಳಿಯುತ್ತದೆ. ಇಲ್ಲಿ ಹಾಗಾಗಲಿಲ್ಲ. ಪೈಪಿನಲ್ಲಿ ಉಳಿದಿದ್ದ ಸೋಪು ಎಬ್ಬಿಸಿದ ನೊರೆಯೆಲ್ಲ ತಗ್ಗಿನ ಕಡೆಯ ಒಂದು ಮೂಲೆಗೆ ಸಾಗಿ, ಅಲ್ಲಿ ಸುಳಿ ತಿರುಗಿ, ಗಂಟಲು ಒಣಗಿದವನು ನೀರು ನುಂಗಿದ ಹಾಗೆ ಸದ್ದು ಮಾಡಿ ಮಾಯವಾಯಿತು. ಮುರಕಲ್ಲಿನ ಒಳಗೆ ತೂತುಗಳಿರುತ್ತವೆ. ಕೆಲವು ಕಡೆ ಅವು ಒಂದಕ್ಕೊಂದು ಸೇರಿ ಕೊಳವೆಯ ಹಾಗೆ ಆಗಿರುತ್ತವೆ. ಗುಂಡಿ ಕುಡಿಯುತ್ತಿರಲಿಲ್ಲ, ಎಲ್ಲಿಗೋ ಸಾಗಿಸುತ್ತಿತ್ತು.

ಮರುದಿನ ಯಾರಿಗೂ ಹೇಳದೆ ಬಸ್ಸಿನಲ್ಲಿ ಒಬ್ಬಳೇ ಹೋದೆ. ಶೆಡ್ಡಿನ ಬಾಗಿಲಿಗೆ ಹೋಗದೆ, ಹಿಂಬದಿಯ ಇಳಿಜಾರಿನಲ್ಲಿ ಕಾಲುದಾರಿ ಹಿಡಿದೆ. ಕೆಳಗೆ ಮೊದಲು ಸಿಕ್ಕಿದ್ದು ಒಂದು ಹೆಂಚಿನ ಮನೆ. ಅಂಗಳದ ಬದಿಯಲ್ಲಿ ಕಟ್ಟೆ ಇರುವ ಬಾವಿ. ವಯಸ್ಸಾದ ಒಬ್ಬ ಹೆಂಗಸು ಗೇಟಿನ ಒಳಗಿನಿಂದಲೇ ಕೇಳಿದರು.

"ಯಾರು?"

"ಮೇಲಿನ ಶೆಡ್ಡಿನ ಕಡೆಯಿಂದ ಬಂದೆ ಅಮ್ಮ. ನಿಮ್ಮ ಬಾವಿಯ ನೀರು ಸ್ವಲ್ಪ ನೋಡಬಹುದಾ?"

"ಎಂತಕ್ಕೆ? ಅವರು ಕಳಿಸಿದ್ದಾ?"

"ಇಲ್ಲ."

"ಆಫೀಸಿನವರಾ?"

"ಅಲ್ಲ ಅಮ್ಮ."

"ಮತ್ತೆ ನಮ್ಮ ಬಾವಿಯಲ್ಲಿ ನಿಮಗೆ ಎಂತ ಕೆಲಸ?"

ಅವರ ಕೈ ಗೇಟಿನ ಚಿಲಕದ ಮೇಲೆಯೇ ಇತ್ತು. ಏನು ಸುಳ್ಳು ಹೇಳಿದರೂ ಆ ಚಿಲಕ ತೆರೆಯುವುದಿಲ್ಲ ಎಂದು ಗೊತ್ತಾಯಿತು. "ನಿನ್ನೆ ಆ ಶೆಡ್ಡಿನಲ್ಲಿ ಬಟ್ಟೆ ಒಗೆದವಳು ನಾನೇ," ಎಂದೆ.

ಅವರು ನನ್ನನ್ನು ಒಮ್ಮೆ ಮೇಲಿನಿಂದ ಕೆಳಗಿನವರೆಗೆ ನೋಡಿದರು. ಬೈಯಲಿಲ್ಲ. ಒಳಗೆ ಹೋಗಿ ಒಂದು ಸ್ಟೀಲ್ ಬಕೆಟ್ ತಂದು ಕಟ್ಟೆಯ ಮೇಲಿಟ್ಟು, ಚಿಲಕ ತೆಗೆದರು. "ಇವತ್ತು ಬೆಳಿಗ್ಗೆ ಸೇದಿದ್ದು. ಯಾರಾದ್ರೂ ಬಂದ್ರೆ ತೋರಿಸುವ ಅಂತ ಚೆಲ್ಲದೆ ಇಟ್ಟದ್ದು."

ನೀರಿನ ಅಂಚಿಗೆ ತೆಳ್ಳಗೆ ನೊರೆ ಅಂಟಿತ್ತು. ಬಗ್ಗಿದೆ. ಕಬ್ಬಿಣದ್ದೂ ಅಲ್ಲ, ಪಾಚಿಯದ್ದೂ ಅಲ್ಲ, ಈ ಊರಿನ ಯಾವ ಬಾವಿಯಿಂದಲೂ ಬರಲಾರದ ವಾಸನೆ. ಲ್ಯಾವೆಂಡರ್. ಪಟ್ಟಿ ಕಾಗದವನ್ನು ಅದ್ದಿದೆ. ಮೇಲಿನ ಬಾವಿಯಲ್ಲಿ ಹುಳಿಯ ಕಡೆಗಿದ್ದ ಬಣ್ಣ ಇಲ್ಲಿ ಸೋಪಿನ ಕಡೆಗೆ ವಾಲಿತ್ತು. ಆ ಕಾಗದ ನೋಡುವ ಅಗತ್ಯವೇ ಇರಲಿಲ್ಲ.

"ಮೊದಲು ಒಂದು ವರ್ಷ ಹೀಗೇ ಇತ್ತು," ಎಂದರು ಆಕೆ. "ನಾವು ಹೋಗಿ ಗಲಾಟೆ ಮಾಡಿದ್ಮೇಲೆ ಶೆಡ್ ಮುಚ್ಚಿದ್ರು. ಈ ಮಳೆಗಾಲ ಕಳೆದು ನೀರು ತಿಳಿ ಆಗಿತ್ತು. ಮೊನ್ನೆಯಿಂದ ಅನ್ನಕ್ಕೆ ಇದೇ ನೀರು ಇಡ್ಲಿಕ್ಕೆ ಶುರು ಮಾಡಿದ್ದೆ."

ಬಿಳಿ ಶೀಟನ್ನು ಬಿಸಿಲಿಗೆ ಹಿಡಿದು ನಾವು ಮೂವರೂ ಖುಷಿಪಟ್ಟ ಹೊತ್ತಿಗೆ ಆ ನೀರು ನೆಲದಡಿಯಲ್ಲಿ ಇತ್ತ ಬರುತ್ತಿತ್ತು.

ಅಲ್ಲಿಂದ ನೇರ ಪೇಟೆಗೆ, ಧಣಿಯ ಲಾಂಡ್ರಿಗೆ ಹೋದೆ. ಅವರು ಗಂಟುಗಳಿಗೆ ಗುರುತು ಚೀಟಿ ಕಟ್ಟುತ್ತಿದ್ದರು. ನನ್ನ ಮುಖ ನೋಡಿಯೇ ಅವರಿಗೆ ಗೊತ್ತಾಗಿರಬೇಕು.

"ಕೆಳಗಿನ ಮನೆಗೆ ಹೋಗಿದ್ರಾ?"

"ಹೇಳಬೇಕಿತ್ತು ನೀವು."

"ಹೇಳಿದ್ರೆ ನೀವು ಬರ್ತಿರಲಿಲ್ಲ." ಚೀಟಿಯ ದಾರವನ್ನು ಹಲ್ಲಿನಲ್ಲಿ ಕಡಿದರು. "ನಿಮಗೆ ಒಗೆದ ನೀರು ಶುದ್ಧ ಮಾಡುವ ಕ್ರಮ ಗೊತ್ತುಂಟು. ಗಲ್ಫಿನ ದೊಡ್ಡ ಹೋಟೆಲಲ್ಲಿ ಮಾಡಿದವರು. ನನಗೆ ಅದು ಬರುವುದಿಲ್ಲ. ಒಮ್ಮೆ ಶೆಡ್ಡಿನಲ್ಲಿ ಕೂತುಕೊಂಡ ಮೇಲೆ ನೀವೇ ಎಂತಾದ್ರೂ ದಾರಿ ಮಾಡ್ತೀರಿ ಅಂತ ಗ್ರಹಿಸಿದೆ."

"ಅದಕ್ಕೆ ಅರ್ಜಿ ನನ್ನ ಹೆಸರಲ್ಲಿ?"

"ನನ್ನ ಹೆಸರು ಕಂಡ್ರೆ ಆ ಮನೆಯವರು ಕೂಡಲೇ ತಕರಾರು ತೆಗೀತಾರೆ."

ಅವರು ಅದನ್ನು ಮುಚ್ಚುಮರೆ ಇಲ್ಲದೆ, ಹವೆಯ ಬಗ್ಗೆ ಹೇಳುವ ಹಾಗೆ ಹೇಳಿದರು. ನಾನು ಇಷ್ಟು ದಿನ ಹುಡುಕಿದ ಕಳ್ಳ ಸಿಕ್ಕಿದ್ದ. ಆದರೆ ಅವರು ಹೇಳಿದ್ದರಲ್ಲಿ ಅರ್ಧ ನಿಜವೂ ಇತ್ತು. ನನ್ನ ಕೆಲಸದ ಮೇಲೆ ಅವರಿಗಿದ್ದ ನಂಬಿಕೆ ನಾಟಕವಾಗಿರಲಿಲ್ಲ. ಬರೇ ಮೋಸಗಾರ ಆಗಿದ್ದರೆ ನನಗೆ ಹಗುರವಾಗುತ್ತಿತ್ತು.

"ಟ್ಯಾಂಕ್ ಕಟ್ಟಿಸುವ ತಂಗಿ, ಕೆಲಸ ಶುರು ಆಗಲಿ," ಎಂದರು.

ಮನೆಯಲ್ಲಿ ಗಂಡನೂ ಅದನ್ನೇ ಹೇಳಿದರು. ಲಾಡ್ಜಿನ ಮ್ಯಾನೇಜರ್ ಬಿಳಿ ಶೀಟು ನೋಡಿ ಮುಂದಿನ ತಿಂಗಳಿನಿಂದ ಬಟ್ಟೆ ಕೊಡಲು ಒಪ್ಪಿದ್ದರು. ಈಗ ಬಿಟ್ಟರೆ ಪುನಃ ಸೊನ್ನೆಯಿಂದ.

"ಟ್ಯಾಂಕ್ ಕಟ್ಟಿದ್ರೆ ಆಗ್ತದಲ್ಲ ಮಾರಾಯ್ತಿ. ನಿನಗೆ ಗೊತ್ತುಂಟಲ್ಲ ಆ ಕೆಲಸ."

ಕುಳಿತು ಯೋಚಿಸಿದೆ. ನೂಲಿನ ತುಣುಕು ತಡೆಯಲು ಜಾಲರಿ, ಕ್ಷಾರ ಕಳೆಯಲು ಒಂದು ತೊಟ್ಟಿ, ಪಟಿಕ ಹಾಕಿ ಗಸಿ ಕೂರಿಸಲು ಇನ್ನೊಂದು, ಮರಳು ಮತ್ತು ಇದ್ದಿಲಿನ ಸೋಸುಕ. ಇಷ್ಟೂ ಮಾಡಬಹುದು. ಆದರೆ ಸೋಸಿದ ನೀರನ್ನು ಕೊನೆಗೆ ಬಿಡುವುದು ಅದೇ ನೆಲಕ್ಕೆ, ಅದೇ ತೂತಿಗೆ. ಹತ್ತಿರದಲ್ಲಿ ಒಳಚರಂಡಿ ಇಲ್ಲ. ಒಂದು ಮೂಲೆಗೆ ಕಾಂಕ್ರೀಟ್ ಹಾಕಿದರೆ ಮುರಕಲ್ಲಿನಲ್ಲಿ ನೀರು ಇನ್ನೊಂದು ಮೂಲೆ ಹುಡುಕುತ್ತದೆ. ಕೆಲಸದವನು ಒಂದು ದಿನ ಪಟಿಕ ಹಾಕಲು ಮರೆತರೆ, ಅದು ಮೊದಲು ಗೊತ್ತಾಗುವುದು ಕೆಳಗಿನ ಮನೆಯ ಅನ್ನದ ಪಾತ್ರೆಯಲ್ಲಿ.

"ಆಗುವುದಿಲ್ಲ," ಎಂದೆ.

"ಮತ್ತೆ?"

"ಬೇರೆ ಕಡೆ ನೋಡುವ."

ಗಂಡ ಆ ದಿನ ಪೂರ್ತಿ ನನ್ನ ಹತ್ತಿರ ಮಾತಾಡಲಿಲ್ಲ. ಬಾವಿಯನ್ನು ಶುಚಿ ಮಾಡಿಸಿಕೊಡಿ ಎಂದು ಧಣಿಗೆ ಎರಡು ಸಲ ಫೋನು ಮಾಡಿದೆ. "ನೋಡುವ," ಎಂದರು, ನೋಡಲಿಲ್ಲ. ಕೊನೆಗೆ ಬಾವಿ ಶುಚಿ ಮಾಡುವ ಇಬ್ಬರನ್ನು ನಾನೇ ಕರೆಸಿದೆ. ಮುನಿಸು ಪೂರ್ತಿ ಇಳಿಯದಿದ್ದರೂ ಗಂಡ ವ್ಯಾನಿನಲ್ಲಿ ಪಂಪು ತಂದರು. ನೀರೆಲ್ಲ ಹೊರಹಾಕಿ, ಗೋಡೆ ಉಜ್ಜಿ, ಒರತೆ ಬರಲು ಬಿಟ್ಟು, ಪುನಃ ಖಾಲಿ ಮಾಡಿದರು. ಎರಡನೆಯ ಸಲ ಕೆಳಗಿಳಿದವನ ಹಗ್ಗವನ್ನು ಕೊನೆಯವರೆಗೆ ಹಿಡಿದು ನಿಂತವರು ಗಂಡನೇ. ಮನೆಯ ಹೆಂಗಸು ಜಗಲಿಯಿಂದ ನೋಡುತ್ತಿದ್ದರು. ನಾವು ಹೊರಡುವಾಗ ಬಾವಿಯೊಳಗೆ ಇಣುಕಿ, "ಇನ್ನು ನೋಡುವ," ಎಂದರು. ಅವರಿಂದ ಅದಕ್ಕಿಂತ ಹೆಚ್ಚಿನ ಮಾತನ್ನು ನಾನು ನಿರೀಕ್ಷಿಸಿರಲಿಲ್ಲ.

ಕಚೇರಿಗೆ ಹೋಗಿ ಅಧಿಕಾರಿಗೆ ನಡೆದದ್ದನ್ನು ನಡೆದ ಹಾಗೆ ಹೇಳಿದೆ.

"ಗುಂಡಿ ಚೆನ್ನಾಗಿ ಕುಡೀತದೆ ಅಂತ ಹೇಳುವವರು ಇಲ್ಲಿಗೆ ತುಂಬಾ ಜನ ಬರ್ತಾರೆ," ಎಂದರು.

"ನಿಮಗೆ ಆ ಶೆಡ್ಡಿನ ವಿಷಯ ಮೊದಲೇ ಗೊತ್ತಿತ್ತಾ ಮೇಡಂ?"

ಅವರು ಎಡಬದಿಯ ಕಡತವನ್ನು ಎಳೆದುಕೊಂಡು ಪುಟ ತಿರುಗಿಸಿದರು. ಇವತ್ತಿಗೂ ನನಗೆ ಗೊತ್ತಿಲ್ಲ. ಗೊತ್ತಿದ್ದರೆ ನೇರವಾಗಿ ಯಾಕೆ ಹೇಳಲಿಲ್ಲ ಎಂಬ ಪ್ರಶ್ನೆ ಮನಸ್ಸಿನಲ್ಲಿ ಈಗಲೂ ಇದೆ. ಆದರೆ ಕೈಗಾರಿಕಾ ಪ್ರದೇಶದ ಒಳಗೆ, ಕೊಳಚೆ ನೀರು ಶುದ್ಧೀಕರಿಸುವ ಸಾಮೂಹಿಕ ವ್ಯವಸ್ಥೆಗೆ ಕೊಳವೆ ಜೋಡಿಸಿದ ಒಂದು ಸಣ್ಣ ಮಳಿಗೆ ಖಾಲಿಯಾಗುವುದಿದೆ ಎಂದು ಹೇಳಿದವರು ಅವರೇ. ಆ ಮಾತನ್ನೂ ನಾನು ಸುಮ್ಮನೆ ನಂಬಲಿಲ್ಲ. ಹೋಗಿ, ಮುಚ್ಚಳ ತೆಗೆಸಿ, ನೀರು ಸುರಿದು, ಅದು ಮುಂದಿನ ಚೇಂಬರಿನಲ್ಲಿ ಹರಿದುಹೋಗುವುದನ್ನು ಕಣ್ಣಾರೆ ಕಂಡು ಬಂದೆ.

ಅಲ್ಲಿನ ಬೋರ್‌ವೆಲ್ಲಿನ ನೀರು ಮಾತ್ರ ಕೆಟ್ಟದ್ದು. ಬ್ಲೀಚ್ ಹಾಕಿದ ಬಕೆಟ್ ಬೆಳಗಾಗುವಷ್ಟರಲ್ಲಿ ಚಹಾದ ಬಣ್ಣಕ್ಕೆ ಬಂದಿತ್ತು. ಒಂದರ ಮೇಲೊಂದು ತೂತಿನ ತಟ್ಟೆಗಳನ್ನಿಟ್ಟು ನೀರನ್ನು ಮಳೆಯ ಹಾಗೆ ಬೀಳಿಸಿ, ಗಾಳಿ ತಾಗಿ ತುಕ್ಕಾದದ್ದನ್ನು ಮರಳಿನಲ್ಲಿ ಸೋಸುವ ವ್ಯವಸ್ಥೆ ಮಾಡಿದೆ. ಮೊದಲ ಎರಡು ವಾರ ಮರಳು ಕಟ್ಟಿಕೊಂಡು ಕೆಲಸ ನಿಂತಿತು. ತಟ್ಟೆಗಳ ಸಂಖ್ಯೆ ಹೆಚ್ಚಿಸಿದ ಮೇಲೆ ಸರಿಹೋಯಿತು. ಸಾಲ ಮಂಜೂರಾಗುವಷ್ಟರಲ್ಲಿ ಲಾಡ್ಜಿನ ಮ್ಯಾನೇಜರರು ಅರ್ಧ ಬಟ್ಟೆಯನ್ನು ಬೇರೆಯವರಿಗೆ ಕೊಟ್ಟಾಗಿತ್ತು. ಉಳಿದರ್ಧದಿಂದ ಶುರು ಮಾಡಿದೆ. ಘಟಕ ನಡೆಯುತ್ತಿದೆ, ಸಣ್ಣದಾಗಿ.

ಕೆಲವು ತಿಂಗಳ ಮೇಲೆ ಅದೇ ಮ್ಯಾನೇಜರರು ಮಾತಿನ ನಡುವೆ, ಧಣಿಯ ಶೆಡ್ಡಿಗೆ ಹೊಸ ಪಾರ್ಟಿ ಸಿಕ್ಕಿದೆ ಎಂದರು. ಗಂಡ ಹೆಂಡತಿ ಅಂತೆ, ಸೌದಿಯಿಂದ ಬಂದವರು.

ಹೋಗಬೇಡ ಎಂದು ಗಂಡ ಹೇಳಿದರು. ಹೋದೆ. ಶೆಡ್ಡಿಗೆ ಹೊಸದಾಗಿ ಸುಣ್ಣ ಹೊಡೆದಿದ್ದರು. ಮೂವತ್ತರ ಆಸುಪಾಸಿನ ಆತ ಯಂತ್ರಕ್ಕೆ ಪೈಪ್ ಜೋಡಿಸುತ್ತಿದ್ದ, ಆಕೆ ಸ್ವಿಚ್ ಬೋರ್ಡ್ ಒರೆಸುತ್ತಿದ್ದಳು. ನಾನು ಗುಂಡಿಯ ವಿಷಯ, ಕೆಳಗಿನ ಬಾವಿಯ ವಿಷಯ ಹೇಳಿದೆ. ಆತ ಪಾನಾ ಕೆಳಗಿಡದೆ ಕೇಳಿದ.

"ನೀವೂ ಇದೇ ಬಿಸಿನೆಸ್ ಮಾಡುವುದಾ ಅಕ್ಕ?"

"ಹೌದು."

"ಅದೇ ಲಾಡ್ಜಿಗಾ?"

"ಹೌದು."

ಅವನು ತಲೆಯಾಡಿಸಿದ. ಅವನ ಜಾಗದಲ್ಲಿ ನಿಂತಿದ್ದರೆ ನಾನೂ ಅಷ್ಟೇ ಮಾಡುತ್ತಿದ್ದೆ. ನನ್ನ ಮಾತನ್ನು ನಂಬಲು ಅವನಿಗೆ ಒಂದು ಕಾರಣವೂ ಇರಲಿಲ್ಲ, ನನ್ನ ಬಳಿ ಕೊಡಲಿಕ್ಕೂ ಇರಲಿಲ್ಲ. "ನಾವು ಎಲ್ಲ ನೋಡಿಯೇ ತಕೊಂಡದ್ದು," ಎಂದು ಪುನಃ ಪೈಪಿಗೆ ಕೈಹಾಕಿದ.

ನಾನು ಅಂಗಳಕ್ಕೆ ಇಳಿದಿದ್ದೆ. ಹಿಂದಿನಿಂದ ಆಕೆಯ ಸ್ವರ ಕೇಳಿಸಿತು.

"ಅಕ್ಕಾ, ಆ ಬಾವಿ ಇರುವ ಮನೆ ಯಾವುದು?"

ತಿರುಗಿ ನೋಡಿದೆ. ಆಕೆಯ ಗಂಡ ಏನೋ ಹೇಳುತ್ತಿದ್ದ. ಅವಳು ಕೈಯಲ್ಲಿದ್ದ ಬಟ್ಟೆಯನ್ನು ಯಂತ್ರದ ಮೇಲಿಟ್ಟು, ಬಾಗಿಲ ಬಳಿ ಚಪ್ಪಲಿ ಹುಡುಕುತ್ತಿದ್ದಳು.